ಪದಾತಿಗೆ ದೊರೆತ ರಥ

ಪ್ರಾಚೀನರು ಸೈನ್ಯವನ್ನು ಚತುರಂಗಬಲವೆಂದು ಕರೆದರು. ರಥ, ಗಜ, ತುರಗ, ಪದಾತಿ ಎಂಬ ನಾಲ್ಕು ಅಂಗಗಳಲ್ಲಿ ಮೊದಲ ಮೂರಕ್ಕೆ ವಾಹನದ ಹೆಸರು. ಕೊನೆಯದಕ್ಕೆ ಮಾತ್ರ ಪಾದದ ಹೆಸರು. ರಥವೇರಿದವನಿಗೆ ಧ್ವಜವಿತ್ತು, ಸಾರಥಿಯಿದ್ದ, ಶಂಖಕ್ಕೂ ಒಂದು ಹೆಸರಿತ್ತು. ಕಾಲಾಳಿಗೆ ಇವಾವುವೂ ಇರಲಿಲ್ಲ. ನಮ್ಮ ಕಾವ್ಯಗಳಲ್ಲಿ ಆತ ಲೆಕ್ಕಕ್ಕೆ ಬರುವುದು ಅಕ್ಷೋಹಿಣಿಯ ಸಂಖ್ಯೆಯಲ್ಲಿ ಮಾತ್ರ. ಈ ಪದಾತಿಗೂ ಒಂದು ರಥ ಬೇಕು, ಅದಕ್ಕೊಂದು ಕವಚ ಬೇಕು ಎಂಬ ಯೋಚನೆ ಯಂತ್ರರೂಪ ತಾಳಿದ್ದು 1918ರಲ್ಲಿ. ಆ ಯೋಚನೆ ಅಲ್ಲಿಂದ ಹೊರಟು, ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಒಂದು ವಿಡಿಯೊ ಗೇಮಿನ ಅನ್ಯಗ್ರಹ ವಾಹನವಾಗಿ ಕಾಣಿಸಿಕೊಂಡ ದಾರಿಯನ್ನು ಈ ಬರಹದಲ್ಲಿ ಗುರುತಿಸಲು ಯತ್ನಿಸುತ್ತೇವೆ.

ಆ ವಾಹನದ ಹೆಸರು ಶ್ಯಾಡೊ, ಅರ್ಥಾತ್ ನೆರಳು. ಅಮೆರಿಕದ ಬಂಜಿ ಸಂಸ್ಥೆ ರೂಪಿಸಿ, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ 2004ರ ನವೆಂಬರ್ 9ರಂದು ಬಿಡುಗಡೆಯಾದ 'ಹೇಲೋ 2' ಆಟದಲ್ಲಿ ಅದು ಬರುತ್ತದೆ. ಕಥೆ ನಡೆಯುವುದು 2552ರಲ್ಲಿ. ಕವೆನೆಂಟ್ ಎಂಬ ಹೆಸರಿನ ಅನ್ಯಗ್ರಹ ಜೀವಿಗಳ ಒಕ್ಕೂಟವೊಂದು ಭೂಮಿಗೆ ಬಂದಿಳಿದಿದೆ. ಆಫ್ರಿಕಾದ ಪೂರ್ವ ಕರಾವಳಿಯ ಮೊಂಬಾಸಾ ನಗರದ ಓಣಿಗಳಲ್ಲಿ, ಕಡಲತೀರದಲ್ಲಿ, ಬಳಿಕ ಉದ್ದವಾದ ಹೆದ್ದಾರಿ ಸುರಂಗವೊಂದರಲ್ಲಿ ಕಾಳಗ ಸಾಗುತ್ತದೆ. ಆ ಸುರಂಗದಲ್ಲಿ ಆಟಗಾರನಿಗೆ ಶ್ಯಾಡೊ ಎದುರಾಗುತ್ತದೆ. ನೇರಳೆ ಬಣ್ಣದ, ಹೊಳಪು ಮೈಯ, ಗಾಲಿಯಾಗಲಿ ಪಟ್ಟಿಯಾಗಲಿ ಇಲ್ಲದೆ ನೆಲದಿಂದ ತುಸು ಮೇಲೆ ತೇಲುವ ವಾಹನವದು. ಮೇಲ್ಗಡೆ ಪ್ಲಾಸ್ಮಾ ಉಗುಳುವ ತೋಪು. ಒಡಲಲ್ಲಿ ಸೈನಿಕರು, ಇಲ್ಲವೇ ಘೋಸ್ಟ್ ಎಂಬ ಒಬ್ಬನೇ ಸವಾರಿ ಮಾಡುವ ಸಣ್ಣ ವಾಹನ. ಅದರ ಮುಖ್ಯ ಕೆಲಸ ಸಾಗಿಸುವುದು. ಯುದ್ಧ ಅದಕ್ಕೆ ಎರಡನೆಯ ಕಸುಬು.

ಆಟದ ವಸ್ತುವೊಂದಕ್ಕೆ ಚರಿತ್ರೆಯೇ ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಕಲ್ಪನೆಗೂ ಚರಿತ್ರೆಯಿದೆ ಎಂಬುದು ನಮ್ಮ ಉತ್ತರ. ಮನುಷ್ಯ ಅನ್ಯಗ್ರಹದ ಯಂತ್ರವನ್ನು ಚಿತ್ರಿಸಲು ಕುಳಿತಾಗ ತಾನು ಕಂಡ ಯಂತ್ರಗಳಿಂದಲೇ ಭಾಗಗಳನ್ನು ಎರವಲು ಪಡೆಯುತ್ತಾನೆ. ಅವನು ಯಾವುದನ್ನು ಉಳಿಸಿಕೊಂಡ, ಯಾವುದನ್ನು ತೆಗೆದುಹಾಕಿದ ಎಂದು ನೋಡಿದರೆ ಅವನ ಕಾಲದ ಆಸೆಯೂ ಭಯವೂ ತಿಳಿಯುತ್ತವೆ. ನಮ್ಮ ಮನೆಗಳ ಮಕ್ಕಳು ಪುರಾಣಕಥೆಗಳನ್ನು ಕೇಳುವುದಕ್ಕಿಂತ ಹೆಚ್ಚಿನ ಹೊತ್ತನ್ನು ಇಂಥ ಆಟಗಳಲ್ಲಿ ಕಳೆಯುತ್ತಿರುವಾಗ, ಅವರು ಆಡುವ ಯುದ್ಧದ ಬೇರು ಎಲ್ಲಿದೆ ಎಂದು ಹುಡುಕುವುದು ವ್ಯರ್ಥ ಶ್ರಮವಾಗಲಾರದು.

ಮೊದಲು ಹೆಸರುಗಳನ್ನು ಗಮನಿಸೋಣ. ಈ ಆಟದಲ್ಲಿ ಮನುಷ್ಯರ ವಾಹನಗಳಿಗೆ ಪ್ರಾಣಿಗಳ ಹೆಸರಿವೆ: ಜೀಪಿನಂಥದ್ದು ವಾರ್ಟ್‌ಹಾಗ್, ಅಂದರೆ ಕಾಡುಹಂದಿಯ ಒಂದು ಜಾತಿ, ಟ್ಯಾಂಕು ಸ್ಕಾರ್ಪಿಯನ್, ಅಂದರೆ ಚೇಳು. ಅನ್ಯರ ವಾಹನಗಳಲ್ಲಿ ಹೆಚ್ಚಿನವಕ್ಕೆ ಪ್ರೇತಗಳ ಹೆಸರು. ಘೋಸ್ಟ್, ರೇಯ್ತ್, ಸ್ಪೆಕ್ಟರ್, ಫ್ಯಾಂಟಮ್, ಬ್ಯಾನ್‌ಶೀ, ಶ್ಯಾಡೊ. ಪ್ರಾಣಿ ನಮ್ಮ ಲೋಕದ್ದು. ಕಚ್ಚೀತು, ಆದರೂ ಪರಿಚಿತ. ಪ್ರೇತಕ್ಕೆ ಊರಿಲ್ಲ, ಮುಖವಿಲ್ಲ, ಅದರೊಡನೆ ಮಾತುಕತೆಯೂ ಇಲ್ಲ. ಶತ್ರುವಿಗೆ ಪ್ರೇತದ ಹೆಸರಿಟ್ಟ ಕ್ಷಣದಲ್ಲಿಯೇ ಅವನನ್ನು ಕೊಲ್ಲುವುದು ಕೊಲೆಯಾಗದೆ ಉಚ್ಚಾಟನೆಯಾಗಿಬಿಡುತ್ತದೆ.

ಇಲ್ಲೊಂದು ವಿನೋದವಿದೆ. ಸಿಲ್ವರ್ ಘೋಸ್ಟ್, ಫ್ಯಾಂಟಮ್, ಸಿಲ್ವರ್ ರೇಯ್ತ್, ಸಿಲ್ವರ್ ಶ್ಯಾಡೊ ಎಂಬವು ರೋಲ್ಸ್ ರಾಯ್ಸ್ ಸಂಸ್ಥೆಯ ಕಾರುಗಳ ಹೆಸರುಗಳೂ ಹೌದು. ಸದ್ದಿಲ್ಲದೆ ಸಾಗುವ ವಾಹನವೆಂಬ ಹೊಗಳಿಕೆ ಆ ಪ್ರೇತನಾಮಗಳ ಹಿಂದಿತ್ತು. ಎರಡಕ್ಕೂ ಸಂಬಂಧವಿದೆಯೆಂದು ನಾವು ವಾದಿಸುವುದಿಲ್ಲ; ಕಾಕತಾಳೀಯವೆಂದೇ ಇಟ್ಟುಕೊಳ್ಳೋಣ. ಆದರೆ 1914ರಲ್ಲಿ ಬ್ರಿಟಿಷರು ಸಿಲ್ವರ್ ಘೋಸ್ಟ್ ಕಾರಿನ ಅಡಿಗಟ್ಟಿನ ಮೇಲೆ ಉಕ್ಕಿನ ಹಲಗೆ ಹೊದಿಸಿ, ಮೇಲೊಂದು ಮೆಷಿನ್‌ಗನ್ ಕೂರಿಸಿ ಯುದ್ಧಕ್ಕೆ ಇಳಿಸಿದ್ದು ಚರಿತ್ರೆ. ಅರಬ್ ಮರುಭೂಮಿಯಲ್ಲಿ ಟಿ. ಇ. ಲಾರೆನ್ಸ್ ಆ ಕವಚದ ಕಾರುಗಳನ್ನು ಬಳಸಿದ. ಸಿರಿವಂತರ ವಾಹನ ಕವಚ ತೊಟ್ಟು ರಣರಂಗ ಕಂಡಿತು; ಕಾಲಾಳು ಇನ್ನೂ ನಡೆಯುತ್ತಲೇ ಇದ್ದ.

ಇನ್ನೊಂದು ಹೆಸರು ಇದಕ್ಕಿಂತ ಮುಖ್ಯವಾದುದು. ಕವೆನೆಂಟ್ ಸೈನ್ಯದಲ್ಲಿ ತೀರ ಕೆಳಗಿನ ಸ್ತರದಲ್ಲಿರುವ, ಕುಳ್ಳಗಿನ, ಬೆನ್ನಿಗೆ ಮೀಥೇನ್ ತೊಟ್ಟಿ ಕಟ್ಟಿಕೊಂಡು ಅದನ್ನೇ ಉಸಿರಾಡುವ ಜೀವಿಗಳಿಗೆ ಮನುಷ್ಯರಿಟ್ಟ ಹೆಸರು ಗ್ರಂಟ್. ಅವರ ಸ್ವಂತ ಹೆಸರು ಉಂಗೋಯ್ ಎಂದು ಆಟದ ಕಥೆ ಹೇಳುತ್ತದೆ. ಇಂಗ್ಲಿಷಿನಲ್ಲಿ ಗ್ರಂಟ್ ಎಂದರೆ ಹಂದಿಯ ಗುರುಗುಟ್ಟು. ಆದರೆ ವಿಯೆಟ್ನಾಂ ಯುದ್ಧದ ಕಾಲದಿಂದ ಅದು ಅಮೆರಿಕದ ಆಡುಮಾತಿನಲ್ಲಿ ಸಾಮಾನ್ಯ ಕಾಲಾಳಿಗೆ, ಅಂದರೆ ಪದಾತಿಗೆ, ಇರುವ ಹೆಸರು. ಹೀಗೆ ಶ್ಯಾಡೊ ವಾಹನ ಹೊತ್ತು ತರುವ ಅನ್ಯಗ್ರಹ ಜೀವಿಗೆ ಅಮೆರಿಕದ ಕಾಲಾಳಿನ ಹೆಸರೇ ಅಂಟಿದೆ. ಆಟ ರೂಪಿಸಿದವರು ಇದನ್ನು ಉದ್ದೇಶಪೂರ್ವಕವಾಗಿ ಮಾಡಿದರೋ ಇಲ್ಲವೋ, ಭಾಷೆ ತನ್ನ ಸಾಕ್ಷ್ಯವನ್ನು ನುಡಿದಿದೆ.

ಅನ್ಯಗ್ರಹ ಜೀವಿಗಳ ಯುದ್ಧವಾಹನ ಸಾಹಿತ್ಯದಲ್ಲಿ ನೆಲೆಯೂರಿದ್ದು ಎಚ್. ಜಿ. ವೆಲ್ಸನಿಂದ. 1898ರಲ್ಲಿ ಪುಸ್ತಕವಾಗಿ ಬಂದ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯಲ್ಲಿ ಮಂಗಳಗ್ರಹದವರು ಸಿಲಿಂಡರುಗಳಲ್ಲಿ ಕುಳಿತು ಇಂಗ್ಲೆಂಡಿನ ವೋಕಿಂಗ್ ಊರಿನ ಬಳಿಯ ಬಯಲಿಗೆ ಬಂದು ಬೀಳುತ್ತಾರೆ. ಬಳಿಕ ಮೂರು ಕಾಲಿನ ದೈತ್ಯಯಂತ್ರಗಳನ್ನೇರಿ ಲಂಡನ್ನಿನತ್ತ ನಡೆಯುತ್ತಾರೆ. ಎಂ.ಎ. ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನಮ್ಮಂಥವರಿಗೆ ವೆಲ್ಸ್ ಪಠ್ಯದ ಅಂಚಿನಲ್ಲಿಯೇ ಉಳಿದ ಲೇಖಕ. ಹೆನ್ರಿ ಜೇಮ್ಸ್, ಕಾನ್ರಾಡ್ ಮೊದಲಾದವರ ಪಕ್ಕದಲ್ಲಿ ಅವನನ್ನು ಕೂರಿಸಲು ಅಧ್ಯಾಪಕರು ಹಿಂಜರಿಯುತ್ತಿದ್ದರು. ಆದರೆ ಆ ಕಾದಂಬರಿಯ ಮೊದಲ ಅಧ್ಯಾಯದಲ್ಲಿಯೇ ವೆಲ್ಸ್ ತನ್ನ ಓದುಗರಿಗೆ ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನೆನಪಿಸುತ್ತಾನೆ. ಯುರೋಪಿನಿಂದ ಬಂದವರು ಅವರನ್ನು ನಿರ್ನಾಮ ಮಾಡಿದರಲ್ಲ, ಮಂಗಳದವರು ಅದನ್ನೇ ನಮಗೆ ಮಾಡಿದರೆ ದೂರುವ ಹಕ್ಕು ನಮಗಿದೆಯೇ ಎಂಬ ಪ್ರಶ್ನೆಯನ್ನು ಮುಂದಿಡುತ್ತಾನೆ. ಸಾಮ್ರಾಜ್ಯ ತನ್ನ ಉತ್ತುಂಗದಲ್ಲಿದ್ದಾಗ, ವಿಕ್ಟೋರಿಯಾ ರಾಣಿ ಬದುಕಿದ್ದಾಗಲೇ ಕೇಳಿದ ಪ್ರಶ್ನೆಯಿದು. ಅನ್ಯಗ್ರಹ ಆಕ್ರಮಣದ ಕಥೆ ಹುಟ್ಟಿದ್ದೇ ವಸಾಹತುಶಾಹಿಯನ್ನು ತಿರುಗಿಸಿ ತೋರಿದ ಕನ್ನಡಿಯಾಗಿ.

ಐದು ವರ್ಷಗಳ ಬಳಿಕ, 1903ರಲ್ಲಿ, 'ಸ್ಟ್ರ್ಯಾಂಡ್' ಪತ್ರಿಕೆಯಲ್ಲಿ ಆತ 'ದಿ ಲ್ಯಾಂಡ್ ಐರನ್‌ಕ್ಲ್ಯಾಡ್ಸ್' ಎಂಬ ಕಥೆ ಬರೆದ. ಕಂದಕಗಳನ್ನು ದಾಟಬಲ್ಲ ಉಕ್ಕಿನ ನೆಲಹಡಗುಗಳು, ಅವುಗಳ ಒಳಗಿನ ಕೋಣೆಗಳಲ್ಲಿ ಕುಳಿತು ಲೆಕ್ಕ ಬರೆಯುವವರ ತಾಳ್ಮೆಯಿಂದ ಗುಂಡು ಹಾರಿಸುವ ಜನ. ಹದಿಮೂರು ವರ್ಷಗಳ ಬಳಿಕ, 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ರಣಾಂಗಣದಲ್ಲಿ ಬ್ರಿಟಿಷರು ಮೊದಲ ಬಾರಿಗೆ ಟ್ಯಾಂಕುಗಳನ್ನು ಇಳಿಸಿದರು. ಕಥೆ ಮುಂದೆ ನಡೆದಿತ್ತು, ಕಾರ್ಖಾನೆ ಹಿಂಬಾಲಿಸಿತು.

ಟ್ಯಾಂಕು ಬಂದರೂ ಪದಾತಿಯ ಸಮಸ್ಯೆ ಬಗೆಹರಿಯಲಿಲ್ಲ. ಟ್ಯಾಂಕು ಕಂದಕ ದಾಟಿ ಮುಂದೆ ಹೋದರೆ ಹಿಂದೆ ನಡೆದು ಬರುವ ಕಾಲಾಳು ಮೆಷಿನ್‌ಗನ್ನಿನ ಬಾಯಿಗೆ ಬೀಳುತ್ತಿದ್ದ. ಕಾಲಾಳಿಲ್ಲದೆ ಟ್ಯಾಂಕು ಗೆದ್ದ ನೆಲವನ್ನು ಉಳಿಸಿಕೊಳ್ಳಲಾಗುತ್ತಿರಲಿಲ್ಲ. 1918ರ ಆಗಸ್ಟ್ 8ರಂದು ಆಮಿಯೆನ್ಸ್ ಕಾಳಗದಲ್ಲಿ ಉದ್ದಗೊಳಿಸಿದ ಟ್ಯಾಂಕುಗಳೊಳಗೆ ಮೆಷಿನ್‌ಗನ್ ತಂಡಗಳನ್ನು ತುಂಬಿ ಕಳಿಸಿದರು. ಎಂಜಿನ್ನೂ ಅದೇ ಕೋಣೆಯಲ್ಲಿ, ಮನುಷ್ಯರೂ ಅದೇ ಕೋಣೆಯಲ್ಲಿ. ಸೆಕೆ, ಹೊಗೆ, ಗ್ಯಾಸು, ಕುಲುಕಾಟ. ಗುರಿ ಮುಟ್ಟಿ ಇಳಿದವರಲ್ಲಿ ಹಲವರು ವಾಂತಿ, ತಲೆಸುತ್ತುಗಳಿಂದ ಬಳಲಿ ಕೂಡಲೇ ಕಾದಾಡುವ ಸ್ಥಿತಿಯಲ್ಲಿರಲಿಲ್ಲ. ಆ ವರ್ಷವೇ ಸೈನಿಕರ ಸಾಗಣೆಗೆಂದೇ ರೂಪಿಸಿದ ಮಾರ್ಕ್ 9 ಎಂಬ ವಾಹನ ತಯಾರಾಯಿತು. ಸುಮಾರು ಮೂವತ್ತು ಸೈನಿಕರು ಹಿಡಿಸುವ, ಪಕ್ಕಗಳಲ್ಲಿ ಬಾಗಿಲುಗಳಿದ್ದ ಉಕ್ಕಿನ ಪೆಟ್ಟಿಗೆ ಅದು. ಸೈನಿಕರು ಅದನ್ನು ಹಂದಿ ಎಂದು ಕರೆದರು. ನವೆಂಬರಿನಲ್ಲಿ ಯುದ್ಧವಿರಾಮವಾಗುವ ಹೊತ್ತಿಗೆ ಸಿದ್ಧವಾಗಿದ್ದುದು ಮೂರು. ಕಟ್ಟಿದ್ದು ಒಟ್ಟು ಮೂವತ್ತನಾಲ್ಕು. ಒಂದು ಇಂದಿಗೂ ಇಂಗ್ಲೆಂಡಿನ ಬೋವಿಂಗ್ಟನ್ ಟ್ಯಾಂಕ್ ವಸ್ತುಸಂಗ್ರಹಾಲಯದಲ್ಲಿದೆ. ಪದಾತಿಗೆ ದೊರೆತ ಮೊದಲ ರಥವಿದು. ಯುದ್ಧಕ್ಕೆ ತಡವಾಗಿ ಬಂದ ರಥ.

ಅದೇ 1918ರ ಸೆಪ್ಟೆಂಬರ್ 23ರಂದು, ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಬಳಿ, ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ಪಡೆಗಳು ಕುದುರೆಯೇರಿ ಮೆಷಿನ್‌ಗನ್ನುಗಳತ್ತ ನುಗ್ಗಿ ಊರನ್ನು ಗೆದ್ದವು. ಉಕ್ಕಿನ ಪೆಟ್ಟಿಗೆ ಒಂದೆಡೆ ಕಾರ್ಖಾನೆಯಲ್ಲಿ ರೂಪುಗೊಳ್ಳುತ್ತಿದ್ದಾಗ, ಮೈಸೂರಿನ ಸವಾರರಿಗೆ ಕವಚವೆಂದರೆ ಕುದುರೆಯ ವೇಗವೊಂದೇ. ದೆಹಲಿಯಲ್ಲಿರುವ ನಮ್ಮ ಓದುಗರು ದಿನವೂ ಹಾದುಹೋಗುವ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ಪಡೆಗಳ ಸ್ಮರಣೆಗೆ 1922ರಲ್ಲಿ ನಿಂತಂಥವು. ಆ ಪ್ರತಿಮೆಗಳಿಗೆ ಕುದುರೆಯಿಲ್ಲ ಎಂಬುದನ್ನು ಗಮನಿಸಬೇಕು. ಸವಾರರನ್ನೂ ಶಿಲ್ಪಿ ಪದಾತಿಗಳಂತೆ ನೆಲದ ಮೇಲೆಯೇ ನಿಲ್ಲಿಸಿದ್ದಾನೆ.

ಕವಚವಾಹನದ ಮುಂದಿನ ಹೆಜ್ಜೆ ಎರಡನೆಯ ಮಹಾಯುದ್ಧದಲ್ಲಿ. 1944ರ ಆಗಸ್ಟ್ 7ರ ರಾತ್ರಿ ಫ್ರಾನ್ಸಿನ ಕಾನ್ ಪಟ್ಟಣದ ದಕ್ಷಿಣಕ್ಕೆ ಕೆನಡಾದ ಸೇನಾಪತಿ ಗೈ ಸೈಮಂಡ್ಸ್ ಹೊಸದೊಂದು ಉಪಾಯ ಹೂಡಿದ. ಪ್ರೀಸ್ಟ್ ಎಂಬ ಹೆಸರಿನ ಸ್ವಯಂಚಾಲಿತ ತೋಪುಗಾಡಿಗಳಿಂದ ತೋಪುಗಳನ್ನು ಕಿತ್ತು, ತೆರವಾದ ಜಾಗಕ್ಕೆ ಉಕ್ಕಿನ ಹಲಗೆ ಬೆಸೆದು, ಅದರಲ್ಲಿ ಕಾಲಾಳುಗಳನ್ನು ಕೂರಿಸಿ ಕತ್ತಲಲ್ಲಿ ಜರ್ಮನರ ಸಾಲುಗಳ ನಡುವೆ ನುಗ್ಗಿಸಿದ. ಇಂಥ 70ಕ್ಕೂ ಹೆಚ್ಚು ಗಾಡಿಗಳನ್ನು ಕೆಲವೇ ದಿನಗಳಲ್ಲಿ ಮಾರ್ಪಡಿಸಿದ್ದರು. ಪ್ರೀಸ್ಟ್ ಎಂದರೆ ಪಾದ್ರಿಯಾದ್ದರಿಂದ ಸೈನಿಕರು ಇವನ್ನು ದೀಕ್ಷೆ ಕಳೆದುಕೊಂಡ ಪಾದ್ರಿಗಳೆಂದು ಹಾಸ್ಯ ಮಾಡಿದರು. ಒಡಲಲ್ಲಿ ಮರಿಯಿಟ್ಟುಕೊಂಡು ಸಾಗುವ ಕಾಂಗರೂ ಎಂಬ ಹೆಸರು ಶಾಶ್ವತವಾಗಿ ನಿಂತಿತು. ಬಂದೂಕನ್ನು ಕಿತ್ತು ಮನುಷ್ಯನಿಗೆ ಜಾಗ ಮಾಡಿಕೊಟ್ಟ ಈ ಪ್ರಸಂಗ ಯುದ್ಧತಂತ್ರದ ಚರಿತ್ರೆಯಲ್ಲಿ ಅಪರೂಪದ್ದು.

1960ರಲ್ಲಿ ಅಮೆರಿಕದ ಸೈನ್ಯ ಸೇರಿದ ಎಂ-113 ಈ ವಂಶದ ಅತ್ಯಂತ ಪ್ರಸಿದ್ಧ ಸಂತಾನ. ಅಲ್ಯೂಮಿನಿಯಂ ಕವಚ, ಚಾಲಕ ಮತ್ತು ನಾಯಕರಲ್ಲದೆ ಹನ್ನೊಂದು ಸೈನಿಕರಿಗೆ ಸ್ಥಳ, ಹಿಂದುಗಡೆ ಇಳಿಜಾರಾಗಿ ತೆರೆಯುವ ಬಾಗಿಲು. ಜಗತ್ತಿನಾದ್ಯಂತ ಇದರ ಎಂಬತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ತಯಾರಾದವು. ಕಾಗದದ ಮೇಲೆ ಪರಿಪೂರ್ಣವಾದ ಈ ಯಂತ್ರ ವಿಯೆಟ್ನಾಮಿನಲ್ಲಿ ಎರಡು ಪಾಠ ಕಲಿತಿತು. 1963ರ ಜನವರಿಯ ಅಪ್ ಬಾಕ್ ಕಾಳಗದಲ್ಲಿ ಮೇಲ್ಗಡೆ ಎದೆಯವರೆಗೆ ಹೊರಚಾಚಿ ಮೆಷಿನ್‌ಗನ್ ಹಿಡಿದವರು ಒಬ್ಬೊಬ್ಬರಾಗಿ ಗುಂಡಿಗೆ ಬಲಿಯಾದರು. ಬಳಿಕವೇ ಅವರಿಗೆ ಉಕ್ಕಿನ ಗುರಾಣಿ ಬಂದಿತು. ಎರಡನೆಯದು ಇನ್ನೂ ಕಹಿಯಾದುದು. ನೆಲಬಾಂಬು ಅಡಿಯಿಂದ ಸಿಡಿದರೆ ಪೆಟ್ಟಿಗೆಯ ಒಳಗಿದ್ದವರಿಗೆ ಉಳಿವಿಲ್ಲವೆಂದು ಅರಿತ ಸೈನಿಕರು ಒಳಗೆ ಕೂರುವುದನ್ನೇ ಬಿಟ್ಟು ಮಾಡಿನ ಮೇಲೆ ಕುಳಿತು ಸಾಗಿದರು. ಕವಚದ ಒಳಗಿರಬೇಕಾದವನು ಕವಚದ ಹೊರಗೆ ಕುಳಿತ! ರಕ್ಷಣೆಗೆಂದು ಕೊಟ್ಟ ರಥವನ್ನು ಪದಾತಿ ನಂಬಲಿಲ್ಲ.

ಸೋವಿಯೆತ್ ದೇಶ ಬೇರೊಂದು ದಾರಿ ಹಿಡಿಯಿತು. 1967ರ ನವೆಂಬರಿನಲ್ಲಿ ಮಾಸ್ಕೋದ ಕೆಂಪು ಚೌಕದ ಪಥಸಂಚಲನದಲ್ಲಿ ಕಾಣಿಸಿಕೊಂಡ ಬಿಎಂಪಿ ವಾಹನದಲ್ಲಿ ಸೈನಿಕ ಬರಿಯ ಪ್ರಯಾಣಿಕನಾಗಿರಲಿಲ್ಲ. ಪಕ್ಕದ ರಂಧ್ರಗಳಿಂದ ಒಳಗಿನಿಂದಲೇ ಗುಂಡು ಹಾರಿಸಬಹುದಿತ್ತು. ವೆಲ್ಸನ ನೆಲಹಡಗು ಕೊನೆಗೂ ನಿಜವಾಗಿತ್ತು. ಆದರೆ ಸೈನಿಕರು ಇಳಿಯಬೇಕಾದ ಹಿಂಬಾಗಿಲುಗಳ ಒಳಗೇ ಇಂಧನದ ತೊಟ್ಟಿಗಳಿದ್ದವು. ಇದರ ಸುಧಾರಿತ ರೂಪವಾದ ಬಿಎಂಪಿ-2 ನಮ್ಮ ಭೂಸೈನ್ಯಕ್ಕೂ ಬಂದಿತು. ಹೈದರಾಬಾದಿಗೆ ಸಮೀಪದ ಯದ್ದುಮೈಲಾರಂನಲ್ಲಿರುವ ಮೇದಕ್ ಆರ್ಡ್‌ನನ್ಸ್ ಕಾರ್ಖಾನೆಯಲ್ಲಿ 1980ರ ದಶಕದ ಉತ್ತರಾರ್ಧದಿಂದ ತಯಾರಾಗುತ್ತ ಬಂದ ಈ ವಾಹನದ ಭಾರತೀಯ ಹೆಸರು 'ಸರಥ್'. ಮೂವರು ಚಾಲಕವರ್ಗ, ಏಳು ಮಂದಿ ಕಾಲಾಳು. 1979ರಲ್ಲಿ ಸ್ಥಾಪನೆಯಾದ ಯಾಂತ್ರೀಕೃತ ಪದಾತಿದಳದ ರೆಜಿಮೆಂಟಿಗೆ ಇದೇ ಮುಖ್ಯ ವಾಹನ. ಆ ರೆಜಿಮೆಂಟಿನ ಕೇಂದ್ರ ಪುಣೆಗೆ ಹತ್ತಿರದ ಅಹಿಲ್ಯಾನಗರದಲ್ಲಿದೆ (ಹಿಂದಿನ ಅಹಮದ್‌ನಗರ). ಹೆಸರಿಟ್ಟವರ ಭಾಷಾಪ್ರಜ್ಞೆಯನ್ನು ಮೆಚ್ಚಬೇಕು. ಸಂಸ್ಕೃತದಲ್ಲಿ ಸರಥ ಎಂದರೆ ರಥಸಹಿತ. ಚತುರಂಗಬಲದ ನಾಲ್ಕನೆಯ ಅಂಗ ಮೊದಲನೆಯದರೊಡನೆ ಕೂಡಿಕೊಂಡ ಕಥೆಯೆಲ್ಲ ಆ ಮೂರು ಅಕ್ಷರಗಳಲ್ಲಿದೆ.

ಈ ವಂಶಾವಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಶ್ಯಾಡೊ ವಾಹನಕ್ಕೆ ಮರಳಿದರೆ ಅದರ ಪ್ರತಿಯೊಂದು ಗುಣವೂ ಹಳೆಯ ದುಃಖವೊಂದಕ್ಕೆ ಕಲ್ಪನೆ ಕೊಟ್ಟ ಉತ್ತರವೆಂದು ತೋರುತ್ತದೆ. ಅದು ನೆಲವನ್ನು ಮುಟ್ಟುವುದಿಲ್ಲ. ಕೆಸರಿಲ್ಲ, ಕಂದಕವಿಲ್ಲ, ಗಾಲಿ ಹೂತುಹೋಗುವ ಭಯವಿಲ್ಲ. ಅದರಲ್ಲಿ ಹೊಗೆಯಿಲ್ಲ, ಆಮಿಯೆನ್ಸಿನ ವಾಂತಿಯಿಲ್ಲ. ಒಡಲಲ್ಲಿ ಮರಿಯನ್ನು ಹೊರುವ ಕಾಂಗರೂವಿನ ಗುಣ ಉಳಿದಿದೆ. ಮೇಲ್ಗಡೆಯ ತೋಪು ಎಂ-113ರ ನೆನಪು. ಯಂತ್ರದ ಕಷ್ಟಗಳನ್ನೆಲ್ಲ ಕಲ್ಪನೆ ಪರಿಹರಿಸಿದೆ. ಪರಿಹರಿಸದೆ ಬಿಟ್ಟದ್ದು ಒಂದೇ: ಒಳಗೆ ಕುಳಿತವನ ಪಾಡು. ವಾಹನ ಸಿಡಿದರೆ ಅದರೊಡನೆ ಅವನೂ ಸಿಡಿಯುತ್ತಾನೆ. ಎಲ್ಲಿಗೆ, ಏಕೆ ಎಂದು ಅವನನ್ನು ಯಾರೂ ಕೇಳಿಲ್ಲ.

ಆಟ ಬಿಡುಗಡೆಯಾದ ಕಾಲವನ್ನೂ ಮರೆಯಲಾಗದು. 2004ರ ನವೆಂಬರಿನಲ್ಲಿ ಇರಾಕಿನ ಫಲ್ಲುಜಾ ನಗರದ ಓಣಿಗಳಲ್ಲಿ ಅಮೆರಿಕದ ಸೈನ್ಯ ಮನೆಮನೆಗೆ ನುಗ್ಗಿ ಕಾದಾಡುತ್ತಿತ್ತು. ಡಿಸೆಂಬರ್ 8ರಂದು ಕುವೈತಿನ ಶಿಬಿರವೊಂದರಲ್ಲಿ ಸಾಮಾನ್ಯ ಸೈನಿಕನೊಬ್ಬ ಎದ್ದುನಿಂತು, ನಮ್ಮ ಗಾಡಿಗಳಿಗೆ ಕವಚವಿಲ್ಲ, ಕಸದ ರಾಶಿಯಲ್ಲಿ ತಗಡು ಹುಡುಕಿ ನಾವೇ ಬಡಿದುಕೊಳ್ಳಬೇಕಾಗಿದೆ, ಏಕೆ ಎಂದು ರಕ್ಷಣಾ ಮಂತ್ರಿ ಡೊನಾಲ್ಡ್ ರಮ್ಸ್‌ಫೆಲ್ಡರನ್ನು ಕೇಳಿದ. ಸಭೆ ಚಪ್ಪಾಳೆ ತಟ್ಟಿತು. ಅಮೆರಿಕದ ಲಕ್ಷಾಂತರ ತರುಣರು ಮನೆಯ ಪರದೆಯ ಮೇಲೆ ಅನ್ಯರ ಕವಚವಾಹನಗಳನ್ನು ಸಿಡಿಸುತ್ತಿದ್ದ ವಾರಗಳಲ್ಲಿಯೇ ಅವರ ವಯಸ್ಸಿನ ನಿಜವಾದ ಗ್ರಂಟುಗಳು ತಗಡು ಆಯುತ್ತಿದ್ದರು.

ಇನ್ನು ಸ್ಥಳದ ಮಾತು. ಹಾಲಿವುಡ್ಡಿನ ಅನ್ಯಗ್ರಹ ಜೀವಿಗಳು ಸಾಮಾನ್ಯವಾಗಿ ನ್ಯೂಯಾರ್ಕಿಗೋ ವಾಷಿಂಗ್‌ಟನ್ನಿಗೋ ಇಳಿಯುತ್ತಾರೆ. ಈ ಆಟದಲ್ಲಿ ಮಾತ್ರ ಅವರು ಮೊಂಬಾಸಾಕ್ಕೆ ಇಳಿದರು. ಆಟದಲ್ಲಿ ಹಳೆಯ ಮೊಂಬಾಸಾ ಉಂಟು, ಆಕಾಶಕ್ಕೆ ಏರುವ ಲಿಫ್ಟಿರುವ ಹೊಸ ಮೊಂಬಾಸಾವೂ ಉಂಟು. ರೂಪಿಸಿದವರಿಗೆ ಇದು ಹೊಸತನದ ಆಯ್ಕೆಯಾಗಿದ್ದಿರಬಹುದು. ಆದರೆ ಚರಿತ್ರೆ ಬಲ್ಲವರಿಗೆ ಈ ಊರಿನ ಕಡಲತೀರಕ್ಕೆ ಅಪರಿಚಿತ ವಾಹನಗಳು ಬಂದು ನಿಲ್ಲುವ ದೃಶ್ಯ ಹೊಸದಲ್ಲ.

1498ರ ಏಪ್ರಿಲಿನಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಮೊಂಬಾಸಾದ ಎದುರು ಲಂಗರು ಹಾಕಿದವು. ಪರಸ್ಪರ ಶಂಕೆಯಲ್ಲಿ ಆ ಭೇಟಿ ಕೆಟ್ಟಿತು. ಆತ ಉತ್ತರದ ಮಲಿಂದಿಗೆ ಹೋಗಿ, ಅಲ್ಲಿ ದಾರಿಬಲ್ಲ ನಾವಿಕನೊಬ್ಬನನ್ನು ಪಡೆದು ಮೇ ತಿಂಗಳಲ್ಲಿ ಕಲ್ಲಿಕೋಟೆ ಮುಟ್ಟಿದ. ಏಳು ವರ್ಷಗಳ ಬಳಿಕ, 1505ರ ಆಗಸ್ಟಿನಲ್ಲಿ, ಫ್ರಾನ್ಸಿಸ್ಕೊ ದ ಅಲ್ಮೇಡ ದೊಡ್ಡ ನೌಕಾಪಡೆಯೊಂದಿಗೆ ಬಂದು ಮೊಂಬಾಸಾವನ್ನು ಸುಟ್ಟು ಸೂರೆಮಾಡಿದ. ಅದೇ ಪಡೆ ಕಡಲು ದಾಟಿ ಸೆಪ್ಟೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದಿತು. ಅಲ್ಲಿ ಕೋಟೆ ಕಟ್ಟಲು ತೊಡಗಿತು. ಅಕ್ಟೋಬರಿನಲ್ಲಿ ಹೊನ್ನಾವರದ ಬಂದರಿನಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿ ಹಚ್ಚಿತು. ಮೊಂಬಾಸಾದ ಹೊಗೆಗೂ ಹೊನ್ನಾವರದ ಹೊಗೆಗೂ ನಡುವೆ ಎರಡೇ ತಿಂಗಳ ಅಂತರ. ಬೆಂಕಿ ಹಚ್ಚಿದವರು ಅದೇ ಜನ, ಹೊತ್ತು ತಂದವು ಅದೇ ಹಡಗುಗಳು. ಶರಾವತಿಯ ಅಳಿವೆಯಲ್ಲಿ ನಿಂತು ಅಂದು ಸಮುದ್ರವನ್ನು ನೋಡಿದವರಿಗೆ ಆ ಎತ್ತರದ ಪಟಗಳು, ತೋಪಿನ ಕಿಂಡಿಗಳಿದ್ದ ಆ ಒಡಲುಗಳು ಬೇರೊಂದು ಗ್ರಹದವುಗಳಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಮೊಂಬಾಸಾದ ಮುಂದಿನ ಚರಿತ್ರೆಯನ್ನು ಸಂಕ್ಷೇಪಿಸುತ್ತೇವೆ. 1593ರಲ್ಲಿ ಪೋರ್ಚುಗೀಸರು ಅಲ್ಲಿ ಫೋರ್ಟ್ ಜೀಸಸ್ ಕೋಟೆಯನ್ನು ಕಟ್ಟತೊಡಗಿದರು. 1696ರಿಂದ 1698ರವರೆಗೆ ಮುತ್ತಿಗೆ ಹಾಕಿ ಓಮಾನಿನ ಅರಬರು ಅದನ್ನು ಗೆದ್ದರು. 1895ರಲ್ಲಿ ಬ್ರಿಟಿಷರ ಆಡಳಿತ ಬಂದಾಗ ಕೋಟೆ ಸೆರೆಮನೆಯಾಯಿತು. ಮರುವರ್ಷ ಮೊಂಬಾಸಾದಿಂದ ಒಳನಾಡಿಗೆ ಉಗಾಂಡಾ ರೈಲುಮಾರ್ಗದ ಕೆಲಸ ಆರಂಭವಾಯಿತು. ಅದಕ್ಕಾಗಿ ಭಾರತದಿಂದ ಕರಾರಿನ ಮೇಲೆ ಹಡಗು ಹತ್ತಿಸಿ ತಂದ ಕೂಲಿಗಳ ಸಂಖ್ಯೆ ಸುಮಾರು 32,000. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. ಇಲ್ಲಿಂದ ಮುಂದೆ ಮೊಂಬಾಸಾದ ತೀರಕ್ಕೆ ಬಂದಿಳಿಯುವ ಅಪರಿಚಿತರಲ್ಲಿ ನಮ್ಮವರೂ ಇದ್ದಾರೆ.

ಹೀಗೆ ಇಳಿದವರಲ್ಲಿ ಕೂಲಿಗಳ ಜೊತೆಗೆ ಸಿಪಾಯಿಗಳೂ ಇದ್ದರು. 1914ರ ಅಕ್ಟೋಬರ್ 16ರಂದು ಮುಂಬಯಿಯಿಂದ ಸುಮಾರು 8,000 ಮಂದಿಯ ಭಾರತೀಯ ಪಡೆಯೊಂದು ಹಡಗುಗಳಲ್ಲಿ ಹೊರಟಿತು. ಮದ್ರಾಸ್ ಸೈನ್ಯಕ್ಕೆ ಸೇರಿದ 63ನೆಯ ಪಾಳಯಂಕೋಟೆ ಲೈಟ್ ಇನ್‌ಫೆಂಟ್ರಿ, 61ನೆಯ ಪಯನಿಯರ್ಸ್, ಕಾಶ್ಮೀರ ಸಂಸ್ಥಾನದ ರೈಫಲ್ಸ್ ಮೊದಲಾದ ತುಕಡಿಗಳು ಅದರಲ್ಲಿದ್ದವು. ಪರಸ್ಪರ ಪರಿಚಯವಿಲ್ಲದ ತುಕಡಿಗಳು, ಇಕ್ಕಟ್ಟಿನ ಹಡಗುಗಳು, ತೀರದ ಕಡಲಬೇನೆ. ಅಕ್ಟೋಬರ್ 31ರಂದು ಮೊಂಬಾಸಾ ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ಜರ್ಮನ್ ಪೂರ್ವ ಆಫ್ರಿಕಾದ ಟಾಂಗಾ ಬಂದರಿಗೆ ಸಾಗಿದರು. ವಾರಗಟ್ಟಲೆ ಹಡಗಿನ ಒಡಲಲ್ಲಿ ಬಳಲಿದವರನ್ನು ವಿಶ್ರಾಂತಿಯೂ ಕೊಡದೆ, ಎದುರಿಗೆ ಯಾರಿದ್ದಾರೆಂದು ಸರಿಯಾಗಿ ತಿಳಿಯದೆ, ನವೆಂಬರ್ 2ರ ರಾತ್ರಿಯಿಂದ ದಡಕ್ಕಿಳಿಸಿದರು. ಸುಮಾರು ಸಾವಿರ ಮಂದಿಯ ಜರ್ಮನ್ ಪಡೆ ಅವರನ್ನು ಸೋಲಿಸಿತು. ಗುಂಡಿನ ಸದ್ದಿಗೆ ಕೆರಳಿದ ಜೇನುಹುಳುಗಳು ಎರಡೂ ಕಡೆಯವರ ಮೇಲೆರಗಿದ್ದರಿಂದ ಆ ಯುದ್ಧಕ್ಕೆ ಜೇನುನೊಣಗಳ ಕಾಳಗವೆಂಬ ಹೆಸರೂ ಬಂದಿತು. ಬ್ರಿಟಿಷರ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಒಟ್ಟು 800ಕ್ಕೂ ಹೆಚ್ಚು. ಹಿಂದೆ ಸರಿಯುವಾಗ ಬಿಟ್ಟುಬಂದ ಬಂದೂಕು, ಮದ್ದುಗುಂಡುಗಳಿಂದ ಜರ್ಮನ್ ಸೇನಾಪತಿ ಲೆಟ್ಟೊ-ಫೋರ್‌ಬೆಕ್ ತನ್ನ ಪಡೆಯನ್ನು ಬಲಪಡಿಸಿಕೊಂಡ.

ಆ ಜರ್ಮನ್ ಪಡೆಯಲ್ಲಿ ಹೆಚ್ಚಿನವರು ಜರ್ಮನರಲ್ಲ. ಅಸ್ಕರಿಗಳೆಂದು ಕರೆಯುತ್ತಿದ್ದ ಆಫ್ರಿಕಾದ ಸೈನಿಕರು. ತಿರುನೆಲ್ವೇಲಿಯ ಕಡೆಯ ಹೆಸರು ಹೊತ್ತ ಪಡೆಯ ಸಿಪಾಯಿಗೂ ಟಾಂಗಾದ ಅಸ್ಕರಿಗೂ ಜಗಳವೇನಿತ್ತು? ಲಂಡನ್ನಿಗೂ ಬರ್ಲಿನ್ನಿಗೂ ನಡೆದ ಜಗಳದಲ್ಲಿ ಇವರಿಬ್ಬರೂ ತೆಂಗಿನ ತೋಪುಗಳ ನಡುವೆ ಒಬ್ಬರನ್ನೊಬ್ಬರು ಕೊಂದರು. ಸೋಲಿನ ಬಳಿಕ ಇಂಗ್ಲಿಷ್ ವರದಿಗಳು ಸಿಪಾಯಿಗಳ ಹೇಡಿತನವನ್ನು ದೂರಿದವು; ಅವರನ್ನು ತಂದ ರೀತಿಯನ್ನು ಅಷ್ಟಾಗಿ ದೂರಲಿಲ್ಲ.

ಕವೆನೆಂಟ್ ಒಕ್ಕೂಟದ ರಚನೆ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಮೇಲೆ ಧರ್ಮಗುರುಗಳಾದ ಪ್ರಾಫೆಟ್‌ಗಳು, ಅವರ ಕೆಳಗೆ ಕ್ಷತ್ರಿಯರಂತಿರುವ ಎಲೀಟ್‌ಗಳು, ಅವರಿಗೂ ಕೆಳಗೆ ಒಂದೊಂದಾಗಿ ಒಕ್ಕೂಟದೊಳಗೆ ಸೇರಿಸಿಕೊಳ್ಳಲಾದ ಬೇರೆ ಬೇರೆ ಗ್ರಹಗಳ ಜೀವಿಗಳು, ತಳದಲ್ಲಿ ಗ್ರಂಟ್‌ಗಳು. ಗ್ರಂಟ್ ತನ್ನ ಗ್ರಹವನ್ನು ಬಿಟ್ಟು ಬಂದದ್ದು ತನ್ನ ಜಗಳಕ್ಕಲ್ಲ. ಹೆದರಿದಾಗ ಕೂಗಿಕೊಂಡು ಓಡುತ್ತಾನೆ, ಆಟಗಾರರು ನಗುತ್ತಾರೆ. ಹೋಲಿಕೆಯನ್ನು ಎಳೆದು ಹರಿಯಬಾರದು. ನಮ್ಮ ಸಿಪಾಯಿಗೆ ಸಂಬಳವಿತ್ತು, ಊರಿತ್ತು, ರೆಜಿಮೆಂಟಿನ ಮಾನವಿತ್ತು, ಶೌರ್ಯವಿತ್ತು. ಅವನನ್ನು ನಗೆಪಾಟಲಿನ ಪ್ರಾಣಿಗೆ ಸಮೀಕರಿಸುವುದು ಅವನಿಗೆ ಮಾಡುವ ಅವಮಾನ. ನಾವು ಹೇಳುವುದಿಷ್ಟೇ: ಹೊತ್ತು ತಂದವರ ದೃಷ್ಟಿಯಲ್ಲಿಯೂ ಎದುರು ನಿಂತವರ ದೃಷ್ಟಿಯಲ್ಲಿಯೂ ವಾಹನದೊಳಗಿನವನು ಮೊದಲು ಒಂದು ಸಂಖ್ಯೆ. ಅವನಿಗೆ ಹೆಸರು ಬರುವುದು, ಬಂದರೆ, ಸ್ಮಾರಕದ ಕಲ್ಲಿನ ಮೇಲೆ.

'ಹೇಲೋ 2' ಆಟದ ಹೆಚ್ಚುಗಾರಿಕೆಯೊಂದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಮೊದಲ ಆಟದಲ್ಲಿ ಆಟಗಾರ ಉದ್ದಕ್ಕೂ ಮನುಷ್ಯರ ಪಕ್ಷದ ವೀರ. ಎರಡನೆಯದರಲ್ಲಿ ಹಲವು ಅಧ್ಯಾಯಗಳನ್ನು ಅವನು ಆರ್ಬಿಟರ್ ಎಂಬ ಶತ್ರುಪಕ್ಷದ ಯೋಧನಾಗಿ ಆಡಬೇಕು. ಸೋತದ್ದಕ್ಕಾಗಿ ಅವಮಾನಿತನಾದ, ತನ್ನ ಧರ್ಮಗುರುಗಳು ನುಡಿದದ್ದು ಸುಳ್ಳೆಂದು ಹಂತಹಂತವಾಗಿ ಅರಿಯುವ ಯೋಧನವನು. ಅಷ್ಟು ಹೊತ್ತು ಪ್ರೇತಗಳಂತೆ ಕಂಡವರು ಪಕ್ಕದಲ್ಲಿ ನಿಂತು ಮಾತಾಡತೊಡಗುತ್ತಾರೆ. ಅಂದಿನ ಎಷ್ಟೋ ಆಟಗಾರರಿಗೆ ಇದು ರುಚಿಸಲಿಲ್ಲ. ಶತ್ರುವಿನ ಕಣ್ಣಿನಿಂದ ನೋಡಲು ಅವರು ಹಣ ಕೊಟ್ಟಿರಲಿಲ್ಲ. ವೆಲ್ಸ್ 1898ರಲ್ಲಿ ಟಾಸ್ಮೇನಿಯಾದ ಹೆಸರೆತ್ತಿ ತನ್ನ ಓದುಗರನ್ನು ನಿಲ್ಲಿಸಿದ್ದೂ ಇಂಥದ್ದೇ ಜಾಗದಲ್ಲಿ. ಅನ್ಯಗ್ರಹ ಕಥೆಯ ಉತ್ತಮ ಪರಂಪರೆ ಇದು: ಅನ್ಯನನ್ನು ತೋರಿಸುತ್ತ ತೋರಿಸುತ್ತ, ಅನ್ಯನೆಂದರೆ ಯಾರು ಎಂದು ಕೇಳಿಬಿಡುವುದು.

ನಾಡಿನಿಂದ ಹೊರಗೆ ಉದ್ಯೋಗ ಕಟ್ಟಿಕೊಂಡ ನಮಗೆ ಈ ಪ್ರಶ್ನೆ ತೀರ ದೂರದ್ದಲ್ಲ. ವರ್ಗಾವಣೆಯ ಆದೇಶ ಹಿಡಿದು ಊರಿಂದೂರಿಗೆ ಹೋದವರು ನಾವು. ಎಲ್ಲೋ ಯಾರೋ ತೆಗೆದುಕೊಂಡ ತೀರ್ಮಾನದ ಮೇರೆಗೆ ಸಾಗಿಸಲ್ಪಡುವುದು ಎಂದರೇನು ಎಂಬುದರ ಸೌಮ್ಯ ರೂಪವನ್ನು ಬಲ್ಲವರು. ನಮ್ಮದು ಗುಂಡಿನ ಹಾದಿಯಲ್ಲ, ರೈಲಿನ ಹಾದಿ. ಅಷ್ಟರಮಟ್ಟಿಗೆ ನಾವು ಭಾಗ್ಯವಂತರು. ಆದರೆ ಮುಂಬಯಿಯ ಹಡಗುಕಟ್ಟೆಯಿಂದ 1914ರಲ್ಲಿ ಹೊರಟವರು ಯಾರು, ಎಲ್ಲಿ ಇಳಿದರು, ಎಷ್ಟು ಮಂದಿ ಮರಳಿದರು ಎಂಬುದನ್ನು ಆ ಊರಲ್ಲೇ ಬಾಳುವ ನಮ್ಮವರು ಮಕ್ಕಳಿಗೆ ಹೇಳುವುದು ಕಡಿಮೆ.

ಮಕ್ಕಳ ಕೈಯಿಂದ ಆಟವನ್ನು ಕಸಿದುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ನಾವೂ ಕುರುಕ್ಷೇತ್ರದ ಕಥೆ ಕೇಳುತ್ತ ಬೆಳೆದವರೇ. ಅಕ್ಷೋಹಿಣಿಗಟ್ಟಲೆ ಕಾಲಾಳುಗಳು ಮಡಿದದ್ದನ್ನು ಕಣ್ಣು ಮಿಟುಕಿಸದೆ ಕೇಳಿ ಅರ್ಜುನನ ರಥವನ್ನಷ್ಟೇ ನೆನಪಿಟ್ಟುಕೊಂಡವರು. ಮಗುವಿನ ಪಕ್ಕದಲ್ಲಿ ಕುಳಿತು, ಆ ನೇರಳೆ ವಾಹನದೊಳಗೆ ಯಾರಿದ್ದರು, ಅವರು ಎಲ್ಲಿಂದ ಬಂದವರು ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು. ಉತ್ತರ ಹುಡುಕುತ್ತ ಆ ಮಗು ಮೊಂಬಾಸಾದ ನಿಜವಾದ ಕೋಟೆಯನ್ನು, ಹೊನ್ನಾವರದ ಸುಟ್ಟ ಹಡಗುಗಳನ್ನು, ಟಾಂಗಾದ ತೆಂಗಿನ ತೋಪನ್ನು ತಲುಪಬಹುದು. ಅಷ್ಟಾದರೆ ಪದಾತಿಗೆ ಲೆಕ್ಕದಿಂದಾಚೆಗೆ ಒಂದಿಷ್ಟು ಸ್ಥಳ ದೊರೆತಂತಾಗುತ್ತದೆ.